ಪಿಸ್ತೂಲಿನ ಬ್ಯಾರಲ್ ಸವೆದಿದೆ ಅಂತ ವಾರಂಟಿಗೆ ಕಳಿಸಿದೆ, ನಾಲ್ಕು ತಿಂಗಳ ಮೇಲೆ ಇನ್ನೂ ಕೆಟ್ಟು ಬಂತು. ಏನು ಮಾಡಲಿ?

ಉಣಕಲ್ ಅಪ್ಪ
ಎಲ್ಲರಿಗೂ ನಮಸ್ಕಾರ. ಇಲ್ಲಿ ಶೂಟಿಂಗ್ ಗೊತ್ತಿರುವವರು ಎಷ್ಟು ಜನ ಇದ್ದೀರೋ, ಆದರೂ ಕೇಳಿಬಿಡುತ್ತೇನೆ. ಎರಡು ವಾರದಿಂದ ಮನೆಯಲ್ಲಿ ಇದೇ ಮಾತು.

ಮಗಳು ಪಿಯುಸಿ ಮೊದಲ ವರ್ಷ. 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಾಳೆ. ಮೊದಲು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿತಳು. ಆಮೇಲೆ ಸೊಸೈಟಿಯಲ್ಲಿ ಸಾಲ ಮಾಡಿ ಹೊರದೇಶದ ಕಂಪನಿಯ ಪಿಸ್ತೂಲ್ ಕೊಡಿಸಿದೆ, ಎರಡು ಲಕ್ಷದ ಹತ್ತಿರ ಹೋಯಿತು. ಎರಡು ವರ್ಷ ವಾರಂಟಿ. ಮೊದಲ ವರ್ಷ ಏನೂ ತಕರಾರಿಲ್ಲ, 600ಕ್ಕೆ 560ರ ಆಸುಪಾಸು ಬರುತ್ತಿತ್ತು. ಆಮೇಲೆ ಮೆಲ್ಲಗೆ ಕೆಡುತ್ತಾ ಬಂತು. ಒಂಬತ್ತು ಪೆಲೆಟ್ (ಸೀಸದ ಸಣ್ಣ ಗುಂಡು) ಸರಿಯಾಗಿ ಹೋಗುತ್ತವೆ, ಹತ್ತನೆಯದು ಎಲ್ಲೋ ಹೋಗಿ 8 ಅಂಕದ ವೃತ್ತದಲ್ಲೋ 7ರಲ್ಲೋ ಕೂರುತ್ತದೆ. ಕೋಚ್ ಮೊದಲು ಮಗಳ ಕೈ ಅಂದರು, ಆಮೇಲೆ ಕಣ್ಣು ಅಂದರು, ಆಮೇಲೆ ಪರೀಕ್ಷೆಯ ಟೆನ್ಷನ್ ಅಂದರು. ಕೊನೆಗೆ ಅಲ್ಲಾಡದಂತೆ ಬಿಗಿಯಾಗಿ ಹಿಡಿಯುವ ವೈಸ್‌ಗೆ ಕಟ್ಟಿ ಹೊಡೆದು ನೋಡಿದೆವು. ಐದು ಪೆಲೆಟ್ 22 ಮಿಮೀ ಹರಡಿದವು. ಪಿಸ್ತೂಲಿನ ಜೊತೆ ಬಂದ ಫ್ಯಾಕ್ಟರಿ ಟೆಸ್ಟ್ ಕಾರ್ಡಿನಲ್ಲಿ ಐದೂ ಸೇರಿ ಒಂದೇ ತೂತು, 7 ಮಿಮೀ.

ಬ್ಯಾರಲ್ ಸವೆದಿದೆ ಅಂತ ಡೀಲರ್‌ಗೆ ಬರೆದೆ. ಉತ್ತರ ಭಾರತದ ಕಡೆ ಇರುವ ಸರ್ವಿಸ್ ಸೆಂಟರ್‌ಗೆ ಕಳಿಸಿ ಅಂದರು. ಕಳಿಸಿದಾಗ ವಾರಂಟಿ ಮುಗಿಯಲು ನಾಲ್ಕು ತಿಂಗಳು ಬಾಕಿ ಇತ್ತು. ವಾಪಸ್ ಬಂದಾಗ ಹನ್ನೊಂದು ದಿನ ಉಳಿದಿತ್ತು! ಜೊತೆಗೆ ಒಂದು ಚೀಟಿ: 'ಬ್ಯಾರಲ್ ಮಿತಿಯೊಳಗಿದೆ, ಸ್ವಚ್ಛ ಮಾಡಲಾಗಿದೆ, ಸೀಲ್ ಬದಲಿಸಲಾಗಿದೆ, ಬ್ಯಾರಲ್ ಸವೆತ ವಾರಂಟಿಯಲ್ಲಿ ಬರುವುದಿಲ್ಲ.' ಸರ್ವಿಸ್ ಚಾರ್ಜ್ 6,800. ಕೊರಿಯರ್ ಖರ್ಚು ಎರಡೂ ಕಡೆ ನಮ್ಮದೇ.

ಈಗ ಮತ್ತೆ ವೈಸ್‌ಗೆ ಕಟ್ಟಿ ಹೊಡೆದರೆ 31 ಮಿಮೀ. ರಿಪೇರಿಗೆ ಕಳಿಸುವ ಮುಂಚೆಯೇ ಚೆನ್ನಾಗಿತ್ತಲ್ಲ! ಹೊಸ ಬ್ಯಾರಲ್ ಹಾಕಿಸಲೇ? ಕೇಸ್ ಹಾಕಲೇ? ಮಗಳಿಗೆ ಮುಂದಿನ ತಿಂಗಳು ಮ್ಯಾಚ್ ಇದೆ.

ಸುಮ್ನೆ ಓದುವವ
ಎರಡು ಲಕ್ಷದ ಪಿಸ್ತೂಲು, ಅದರಲ್ಲಿ ಗಾಳಿ ಮಾತ್ರ ಬರುತ್ತದೆಯೇ? 😀

ನಿವೃತ್ತ ಹವಾಲ್ದಾರ
ಬ್ಯಾರಲ್ ಸವೆಯುತ್ತದೆ, ಅದರಲ್ಲಿ ಆಶ್ಚರ್ಯ ಏನಿದೆ. ಸರ್ವಿಸ್‌ನಲ್ಲಿದ್ದಾಗ ನಾವು ಬ್ಯಾರಲ್‌ಗೆ ಗೇಜ್ ಹಾಕಿ ನೋಡುತ್ತಿದ್ದೆವು. ಗೇಜ್ ಒಳಗೆ ಇಳಿಯಿತು ಅಂದರೆ ಅದರ ಆಯುಷ್ಯ ಮುಗಿಯಿತು ಅಂತ ಲೆಕ್ಕ. ನಿಮ್ಮ ಮಗಳು ಎಷ್ಟು ಹೊಡೆದಿದ್ದಾಳೆ? ಲೆಕ್ಕ ಇಟ್ಟಿದ್ದೀರಾ?

ಉಣಕಲ್ ಅಪ್ಪ
@ನಿವೃತ್ತ ಹವಾಲ್ದಾರ ತಿಂಗಳಿಗೆ ಸುಮಾರು ಮೂರು ಡಬ್ಬಿ. ಡಬ್ಬಿಗೆ 500. ಇಪ್ಪತ್ತು ತಿಂಗಳಿಗೆ 30,000 ಅಂದುಕೊಳ್ಳಿ.

ಹತ್ತು ಮೀಟರ್
ಹವಾಲ್ದಾರ್ ಸರ್, ನಿಮ್ಮ ಮೇಲೆ ಗೌರವ ಇದೆ, ಆದರೆ ಇಲ್ಲಿ ನಿಮ್ಮ ಲೆಕ್ಕ ಹೊಂದುವುದಿಲ್ಲ. ನೀವು ಹೇಳುತ್ತಿರುವುದು ಮದ್ದಿನ ಬಂದೂಕು. ಅದರಲ್ಲಿ ಮದ್ದು ಉರಿದು ಬರುವ ಬಿಸಿ ಗ್ಯಾಸ್ ಬ್ಯಾರಲ್‌ನ ಹಿಂಭಾಗವನ್ನು ತಿನ್ನುತ್ತದೆ, ಮೇಲೆ ತಾಮ್ರದ ಹೊದಿಕೆಯ ಬುಲೆಟ್ ಬೇರೆ ಉಜ್ಜುತ್ತದೆ. ಏರ್ ಪಿಸ್ತೂಲಿನಲ್ಲಿ ಬೆಂಕಿಯೇ ಇಲ್ಲ. ತಣ್ಣನೆ ಗಾಳಿ, ಮೆತ್ತನೆ ಸೀಸ. ಪೆಲೆಟ್ ತೂಕ ಅರ್ಧ ಗ್ರಾಂ, ವೇಗ ಸೆಕೆಂಡಿಗೆ 150 ಮೀಟರ್ ಆಸುಪಾಸು. 30,000 ಹೊಡೆತಕ್ಕೆ ಒಳ್ಳೆಯ ಉಕ್ಕಿನ ಬ್ಯಾರಲ್ ಸವೆಯುವುದು ಅಂದರೆ ಬೆಣ್ಣೆ ಕೊಯ್ದು ಚಾಕು ಮೊಂಡಾಯಿತು ಅಂದ ಹಾಗೆ.

ಅಪ್ಪ ಅವರೇ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಎರಡು ವರ್ಷದಲ್ಲಿ ಬ್ಯಾರಲ್ ಎಷ್ಟು ಸಲ ಕ್ಲೀನ್ ಮಾಡಿದ್ದೀರಿ?

ಉಣಕಲ್ ಅಪ್ಪ
ಒಂದು ಸಲವೂ ಇಲ್ಲ. ಏರ್ ಪಿಸ್ತೂಲ್ ಬ್ಯಾರಲ್ ಮುಟ್ಟಲೇಬೇಡಿ ಅಂತ ಡೀಲರೇ ಹೇಳಿದ್ದರು.

ಹತ್ತು ಮೀಟರ್
ಸಿಕ್ಕಿತು. ಕನಿಷ್ಠ ಅರ್ಧ ರೋಗ ಸಿಕ್ಕಿತು.

ಗೋಕುಲ ರೋಡ್ ಲೇಥ್
ನಾನು ಶೂಟಿಂಗ್ ಮಾಡಿದವನಲ್ಲ, ಆದರೆ 25 ವರ್ಷದಿಂದ ಕಬ್ಬಿಣದ ಜೊತೆ ಇದ್ದೇನೆ. ಸೀಸ ಉಗುರಿನಲ್ಲಿ ಕೆರೆದರೂ ಗೆರೆ ಬೀಳುವಷ್ಟು ಮೆತ್ತಗೆ. ಅದು ಉಕ್ಕನ್ನು ಸವೆಸುವುದಿಲ್ಲ, ಉಕ್ಕಿಗೆ ಮೆತ್ತಿಕೊಳ್ಳುತ್ತದೆ. ಒಳಗಿನ ತಿರುವು ಗೆರೆಗಳಲ್ಲಿ ಸೀಸ ತುಂಬಿಕೊಂಡಿದ್ದರೆ ಪೆಲೆಟ್‌ಗೆ ಹಿಡಿತವೇ ಸಿಗುವುದಿಲ್ಲ. ನೀವು ಸವೆತ ಅನ್ನುತ್ತಿರುವುದು ಬಹುಶಃ ತದ್ವಿರುದ್ಧ. ಕಡಿಮೆಯಾಗಿಲ್ಲ, ಜಾಸ್ತಿ ಆಗಿದೆ.

ಮೆಣಸಿನಕಾಯಿ ಬ್ಯಾಡಗಿ
ಸಿದ್ಧಾರೂಢರ ಜಾತ್ರೆಯಲ್ಲಿ ಬಲೂನ್ ಹೊಡೆಯುವ ಬಂದೂಕಿನಲ್ಲಿ ಮಾತ್ರ ನಿಜವಾಗಿಯೂ ಬ್ಯಾರಲ್ ಸವೆದಿರುತ್ತದೆ. ನಾನು ಕೆಂಪು ಬಲೂನಿಗೆ ಗುರಿ ಇಟ್ಟರೆ ಪಕ್ಕದ ಹಳದಿ ಒಡೆಯುತ್ತಿತ್ತು. ಕೆಂಪು ಹೊಡೆಯಬೇಕು ಅಂದರೆ ಹಸಿರಿಗೆ ಗುರಿ ಇಡು ಅಂತ ಅಂಗಡಿಯವನೇ ಹೇಳಿಕೊಡುತ್ತಿದ್ದ.

ರಾಣೇಬೆನ್ನೂರು ರೈತ
ಬ್ಯಾರಲ್ ಅಂದಿದ್ದಕ್ಕೆ ನನ್ನ ಹೊಟ್ಟೆಉರಿ ಹೇಳಿಕೊಳ್ಳುತ್ತೇನೆ. ಬೆಳೆ ರಕ್ಷಣೆಗೆ ಅಂತ ಅಪ್ಪನ ಕಾಲದ 12 ಬೋರ್ ಡಬಲ್ ಬ್ಯಾರಲ್ ಇದೆ, ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಬೇಕು. 2023ರ ಮೇನಲ್ಲಿ ವಿಧಾನಸಭೆ, 2024ರ ಮೇನಲ್ಲಿ ಲೋಕಸಭೆ, ನಡುವೆ ಬಿಡುವೇ ಇಲ್ಲ. ಎರಡನೇ ಸಲ ಒಪ್ಪಿಸಿದ್ದನ್ನು ನಾನು ಬಿತ್ತನೆ ಗಡಿಬಿಡಿಯಲ್ಲಿ ಮರೆತು ಜುಲೈನಲ್ಲಿ ತರಲು ಹೋದೆ. ಮಳೆ ಹಿಡಿದಿತ್ತು. ಗೋಡೆಗೆ ಒರಗಿಸಿ ಗೋಣಿಚೀಲ ಮುಚ್ಚಿ ಇಟ್ಟಿದ್ದರು. ಮನೆಗೆ ತಂದು ಬಾಗಿಸಿ ಬೆಳಕಿಗೆ ಹಿಡಿದರೆ ಬಲಗಡೆ ನಳಿಗೆಯ ಒಳಗೆ ಕೆಂಪು ಚುಕ್ಕೆ. ಒರೆಸಿದ ಮೇಲೆ ನೋಡಿದರೆ ಸಣ್ಣ ಸಣ್ಣ ಗುಳಿ ಬಿದ್ದಿದೆ. ಒಂದು ಗುಂಡೂ ಹಾರಿಸದೆ ಹಾಳಾದ ಬ್ಯಾರಲ್ ಅದು.

ನಿವೃತ್ತ ಹವಾಲ್ದಾರ
@ರಾಣೇಬೆನ್ನೂರು ರೈತ ಒಪ್ಪಿಸುವ ಮುಂಚೆ ಒಳಗೆ ಎಣ್ಣೆ ಸವರಿದ್ದಿರಾ?

ರಾಣೇಬೆನ್ನೂರು ರೈತ
ಇಲ್ಲ ಸರ್.

ನಿವೃತ್ತ ಹವಾಲ್ದಾರ
ಹಾಗಾದರೆ ಠಾಣೆಯವರನ್ನು ಪೂರ್ತಿ ಬೈಯಬೇಡಿ. ಆಯುಧ ಯಾರ ಕೈಗಾದರೂ ಕೊಡುವ ಮುಂಚೆ ಎಣ್ಣೆ ಹಾಕಿ ಕೊಡಬೇಕು. ವಾಪಸ್ ತಂದ ಮೇಲೆ ಎಣ್ಣೆ ಒರೆಸಿ ಒಣಗಿಸಿ, ಆಮೇಲೇ ಹೊಡೆಯಬೇಕು.

ಹತ್ತು ಮೀಟರ್
ಇದನ್ನು ಓದಿ ಯಾರಾದರೂ ಏರ್ ಪಿಸ್ತೂಲಿಗೆ ಎಣ್ಣೆ ಹಾಕೀರಿ, ಹುಷಾರು! ನಿಯಮ ಬೇರೆ. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಗಾಳಿ ಹೋಗುವ ದಾರಿಯಲ್ಲಿ ಪೆಟ್ರೋಲಿಯಂ ಎಣ್ಣೆ ಸೇರಿದರೆ ಡೀಸೆಲ್ ಇಂಜಿನ್ ತರಹ ಹೊತ್ತಿಕೊಳ್ಳುವ ಅಪಾಯ ಇದೆ. ಓ-ರಿಂಗ್‌ಗೆ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಕಂಪನಿ ಹೇಳಿದ ಗ್ರೀಸ್, ಅದೂ ಬೆರಳ ತುದಿಯಷ್ಟು. ಹೊಲಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಎಲ್ಲ ದೂರ ಇಡಿ. ಕೊಬ್ಬರಿ ಎಣ್ಣೆ ಹಾಕಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳಿದೆ.

ಗದಗ ಅಕ್ಕ
ಮಕ್ಕಳ ಕೈಗೆ ಪಿಸ್ತೂಲ್ ಕೊಡುವುದೇ ತಪ್ಪು ಅಂತ ಯಾರಿಗೂ ಅನ್ನಿಸುತ್ತಿಲ್ಲವೇ? ಲೈಸೆನ್ಸ್ ಬೇಡವೇ ಇದಕ್ಕೆ?

ಹತ್ತು ಮೀಟರ್
@ಗದಗ ಅಕ್ಕ .177 ಕ್ಯಾಲಿಬರ್ (ನಳಿಗೆಯ ಒಳ ಅಗಲ, 4.5 ಮಿಮೀ) ಮೀರದ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ಗನ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಮ್ಯಾಚ್ ಪಿಸ್ತೂಲಿನ ಶಕ್ತಿ 6 ಜೌಲ್ ಆಸುಪಾಸು. ಹಾಗಂತ ಆಟಿಕೆ ಅಲ್ಲ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಅದಕ್ಕೇ ರೇಂಜ್‌ನಲ್ಲಿ ಶಿಸ್ತು ಅಷ್ಟು ಕಟ್ಟುನಿಟ್ಟು. ನಿಜ ಹೇಳಬೇಕೆಂದರೆ ಒಂದು ಕಡೆ ಕೂರದ ಮಕ್ಕಳೂ ಈ ಆಟಕ್ಕೆ ಬಂದ ಮೇಲೆ ಒಂದೂಕಾಲು ಗಂಟೆ ಒಂದೇ ಕಡೆ ನಿಲ್ಲುವುದು ಕಲಿಯುತ್ತಾರೆ. 60 ಹೊಡೆತಕ್ಕೆ 75 ನಿಮಿಷ.

ಗದಗ ಅಕ್ಕ
ಸರಿ ತಮ್ಮಾ, ಗೊತ್ತಿರಲಿಲ್ಲ. ನನ್ನ ಮಗ ಒಂದೂಕಾಲು ನಿಮಿಷ ನಿಂತರೂ ಸಾಕು.

ಲೈನ್ ಬಜಾರ್
ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲಿನ ಬ್ಯಾರಲ್ ಒಡೆದು ಮೆಡಲ್ ಹೋಯಿತಲ್ಲ, ಅಷ್ಟು ದೊಡ್ಡವರಿಗೇ ಹಾಗಾದರೆ ನಮ್ಮ ಪಾಡೇನು.

ಹತ್ತು ಮೀಟರ್
ಬ್ಯಾರಲ್ ಅಲ್ಲ ಮಾರಾಯರೇ. ಮುರಿದಿದ್ದು ಕಾಕಿಂಗ್ ಲಿವರ್, ಅಂದರೆ ಪ್ರತಿ ಹೊಡೆತಕ್ಕೂ ಪಿಸ್ತೂಲ್ ಸಜ್ಜು ಮಾಡುವ ಹಿಡಿ. ಅರ್ಹತಾ ಸುತ್ತಿನ ನಡುವೆ ರಿಪೇರಿಗೆ ಹೋಗಿ ಬರುವಷ್ಟರಲ್ಲಿ ಸಮಯ ಕೈಬಿಟ್ಟಿತು. ಆದರೂ 575 ಹೊಡೆದು 12ನೇ ಸ್ಥಾನ. ಮೂರು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು.

ಉಣಕಲ್ ಅಪ್ಪ
ಮಗಳ ಕೋಣೆಯ ಗೋಡೆಗೆ ಅವರದೇ ಫೋಟೋ ಇದೆ. ವಿಷಯಕ್ಕೆ ಬರೋಣ. ಕ್ಲೀನ್ ಮಾಡದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಸರ್ವಿಸ್‌ನವರು ಕ್ಲೀನ್ ಮಾಡಿದ್ದೇವೆ ಅಂತ ಬರೆದಿದ್ದಾರಲ್ಲ? ಹಾಗಾದರೆ 22 ಇದ್ದದ್ದು ಕಡಿಮೆ ಆಗಬೇಕಿತ್ತು, 31 ಹೇಗಾಯಿತು?

ಗೋಕುಲ ರೋಡ್ ಲೇಥ್
ಒಳ್ಳೆಯ ಪ್ರಶ್ನೆ. ಉಕ್ಕಿನ ಕಡ್ಡಿ ಹಾಕಿ ಉಜ್ಜಿದ್ದರೆ? ಬ್ಯಾರಲ್ ಬಾಯಿಯ ಅಂಚಿಗೆ ಒಂದು ಗೀರು ಬಿದ್ದರೂ ಸಾಕು. ಪೆಲೆಟ್ ಹೊರಗೆ ಬರುವ ಕೊನೆಯ ಕ್ಷಣದಲ್ಲಿ ಗಾಳಿ ಒಂದು ಕಡೆ ಮೊದಲು ನುಗ್ಗುತ್ತದೆ, ಪೆಲೆಟ್ ತಲೆ ತಿರುಗಿಸುತ್ತದೆ.

ಕೇಶ್ವಾಪುರ
ಲೇಥ್ ಕಾಕಾ, ನೀವೇ ಅದರ ಬಾಯಿ ಸ್ವಲ್ಪ ಕಟ್ ಮಾಡಿ ಹೊಸ ಅಂಚು ಮಾಡಿಕೊಡಿ. ಗೋಕುಲ ರೋಡಿನಲ್ಲಿ ಆಗದ ಕೆಲಸ ಏನಿದೆ?

ಗೋಕುಲ ರೋಡ್ ಲೇಥ್
ಇಲ್ಲಪ್ಪಾ. ಪಂಪ್‌ಸೆಟ್ ಶಾಫ್ಟ್ ತಾ, ಟ್ರಾಕ್ಟರ್ ಬುಷ್ ತಾ, ರಾತ್ರಿ ಹನ್ನೆರಡಕ್ಕೂ ಮಾಡಿಕೊಡುತ್ತೇನೆ. ಬ್ಯಾರಲ್ ಮುಟ್ಟುವುದಿಲ್ಲ. ಒಂದು, ನನಗೆ ಆ ಕೆಲಸ ಗೊತ್ತಿಲ್ಲ. ಎರಡು, ನಾಳೆ ಯಾರೋ ಇನ್ನೇನೋ ತಂದು ಇದನ್ನೂ ಮಾಡಿಕೊಡಿ ಅನ್ನುತ್ತಾರೆ.

ವಕೀಲ ಅಕ್ಕ
ಎರಡನೆಯ ಕಾರಣವೇ ಸರಿಯಾದ ಕಾರಣ. ಲೈಸೆನ್ಸ್ ಬೇಕಾದ ಬಂದೂಕನ್ನು ರಿಪೇರಿ ಮಾಡುವ ವ್ಯಾಪಾರಕ್ಕೂ ಆಯುಧ ಕಾಯ್ದೆಯಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಕು. ರಾಣೇಬೆನ್ನೂರಿನವರಿಗೂ ಇದೇ ಮಾತು. ನಿಮ್ಮ 12 ಬೋರ್ ಅನ್ನು ಲೈಸೆನ್ಸ್ ಇರುವ ಅಂಗಡಿಗೇ ತೋರಿಸಿ, ಊರ ಕಮ್ಮಾರರ ಹತ್ತಿರ ಬೇಡ.

ಹತ್ತು ಮೀಟರ್
ಸುಮ್ನೆ ಊಹೆ ಮಾಡುವುದು ಬೇಡ, ಒಂದೊಂದಾಗಿ ತೆಗೆದುಹಾಕೋಣ. ವೇಗ ಅಳೆಯುವ ಯಂತ್ರ ಬೇಕು, ಕ್ರೋನೋಗ್ರಾಫ್. ವೇಗ ಏರುಪೇರು ಇದ್ದರೆ ತೊಂದರೆ ರೆಗ್ಯುಲೇಟರ್‌ನಲ್ಲೋ (ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ) ಸೀಲ್‌ನಲ್ಲೋ ಇದೆ. ವೇಗ ಒಂದೇ ಸಮ ಇದ್ದು ಪೆಲೆಟ್ ಮಾತ್ರ ಹರಡಿದರೆ ಬ್ಯಾರಲ್, ಬಾಯಿ, ಅಥವಾ ಪೆಲೆಟ್. ಪೆಲೆಟ್ ಬದಲಿಸಿದ್ದೀರಾ ನಡುವೆ?

ಉಣಕಲ್ ಅಪ್ಪ
ಬ್ರ್ಯಾಂಡ್ ಅದೇ. ಡಬ್ಬಿ ಮೇಲೆ ಮುಂಚೆ 4.49 ಇತ್ತು, ಈಗ 4.50. ಅದರಿಂದ ಏನಾಗುತ್ತದೆ, ಒಂದು ಕೂದಲಿನಷ್ಟೂ ಇಲ್ಲ.

ಹತ್ತು ಮೀಟರ್
ಆಗುತ್ತದೆ. ಅದು ಪೆಲೆಟ್ ತಲೆಯ ಅಳತೆ. ಒಂದೊಂದು ಬ್ಯಾರಲ್‌ಗೆ ಒಂದೊಂದು ಅಳತೆ ಒಗ್ಗುತ್ತದೆ, ಅದಕ್ಕೇ ದೊಡ್ಡ ಆಟಗಾರರು ವೈಸ್‌ಗೆ ಕಟ್ಟಿ ಹತ್ತಾರು ಬ್ಯಾಚ್ ಹೊಡೆದು ಒಂದನ್ನು ಆರಿಸಿ ಪೆಟ್ಟಿಗೆಗಟ್ಟಲೆ ಕೊಳ್ಳುತ್ತಾರೆ. ಆದರೆ ಒಳ್ಳೆಯ ಪೆಲೆಟ್‌ನಲ್ಲಿ ಆ ವ್ಯತ್ಯಾಸ 2-3 ಮಿಮೀ, 31 ಅಲ್ಲ. ನನ್ನ ಹತ್ತಿರ ಕ್ರೋನೋಗ್ರಾಫ್ ಇದೆ. ಧಾರವಾಡಕ್ಕೆ ಬನ್ನಿ ಭಾನುವಾರ.

ಸಪ್ತಾಪುರ
ಧಾರವಾಡದ ಮಳೆಗಾಲ ಮರೆಯಬೇಡಿ. ನಮ್ಮ ಮನೆಯಲ್ಲಿ ಆಗಸ್ಟ್‌ನಲ್ಲಿ ಬೆಲ್ಟಿಗೂ ಬೂಷ್ಟು ಬರುತ್ತದೆ. ಗಾಳಿ ತುಂಬುವ ಕಂಪ್ರೆಸರ್‌ಗೆ ತೇವ ಹಿಡಿಯುವ ಫಿಲ್ಟರ್ ಇಲ್ಲದಿದ್ದರೆ ಸಿಲಿಂಡರ್ ಒಳಗೆ ನೀರು ಕೂರುತ್ತದೆ. ನನ್ನ ರೆಗ್ಯುಲೇಟರ್ ಹಾಗೇ ತುಕ್ಕು ಹಿಡಿಯಿತು. ಅದೂ ವಾರಂಟಿಯಲ್ಲಿ ಬರಲಿಲ್ಲ ಬಿಡಿ, 'ಬಳಕೆದಾರರ ನಿರ್ಲಕ್ಷ್ಯ' ಅಂತ ಎರಡೇ ಪದ ಬರೆದು ಕಳಿಸಿದರು.

ಮೆಣಸಿನಕಾಯಿ ಬ್ಯಾಡಗಿ
ವಾರಂಟಿ ಅಂದರೆ ಇಷ್ಟೇ. ನಮ್ಮ ಮಿಕ್ಸರ್ ಜಾರ್ ಸೀಳಿತು. ಒಣ ಮೆಣಸಿನಕಾಯಿ ಜಾಸ್ತಿ ಅರೆದಿದ್ದೀರಿ ಅಂದರು. ಬ್ಯಾಡಗಿಯಲ್ಲಿ ಮಿಕ್ಸರ್ ತಗೊಂಡು ಮೆಣಸಿನಕಾಯಿ ಅರೆಯದೆ ಐಸ್‌ಕ್ರೀಮ್ ಮಾಡುತ್ತಾರೆಯೇ?

ಸುಮ್ನೆ ಓದುವವ
😂 ಈ ಚರ್ಚೆಯಲ್ಲಿ ಇದೇ ಬೆಸ್ಟ್ ಮಾತು.

ರಾಣೇಬೆನ್ನೂರು ರೈತ
ಬೋರ್ ಮೋಟರ್ ಕೂಡ ಹಾಗೇ. ಸುಟ್ಟರೆ ವೋಲ್ಟೇಜ್ ಕಾರಣ ಅನ್ನುತ್ತಾರೆ, ವಾರಂಟಿ ಇಲ್ಲ. ವೋಲ್ಟೇಜ್ ಸರಿ ಇದ್ದರೆ ಮೋಟರ್ ಯಾಕೆ ಸುಡುತ್ತದೆ ಹೇಳಿ.

ವಕೀಲ ಅಕ್ಕ
ಉಣಕಲ್ ಅಪ್ಪ ಅವರೇ, ಕೇಸ್ ಬಗ್ಗೆ ಕೇಳಿದಿರಿ, ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಿಲ್ ಮೇಲೆ ಬೇರೆ ಊರಿನ ಕೋರ್ಟ್ ವ್ಯಾಪ್ತಿ ಅಂತ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರೂ ಹೆದರಬೇಡಿ. ಧಾರವಾಡದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ವಕೀಲರೇ ಬೇಕು ಅಂತಿಲ್ಲ, ನೀವೇ ನಿಂತು ಹೇಳಬಹುದು (ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕಿಕೊಂಡೆ). ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಎಷ್ಟೋ ಕಂಪನಿಗಳು ಅಷ್ಟಕ್ಕೇ ದಾರಿಗೆ ಬರುತ್ತವೆ.

ಆದರೆ ಒಂದು ಮಾತು. ಆಯೋಗದ ಮುಂದೆ ನೀವು 'ಬ್ಯಾರಲ್ ಸವೆದಿದೆ' ಅಂದರೆ ಅವರು ಸವೆತ ವಾರಂಟಿಯಲ್ಲಿಲ್ಲ ಅನ್ನುತ್ತಾರೆ, ಮುಗಿಯಿತು. ನೀವೇ ಅವರ ಕೈಗೆ ಕೋಲು ಕೊಟ್ಟ ಹಾಗೆ. 'ನಾನು ಕೊಟ್ಟಾಗ 22 ಇತ್ತು, ನೀವು 6,800 ತೆಗೆದುಕೊಂಡು 31 ಮಾಡಿ ಕಳಿಸಿದಿರಿ' ಅನ್ನಿ. ಅದು ಸೇವಾ ನ್ಯೂನತೆ. ಎರಡು ಟೆಸ್ಟ್ ಕಾರ್ಡ್, ತಾರೀಖು, ಫೋಟೋ ಎಲ್ಲ ಇಟ್ಟುಕೊಳ್ಳಿ. ಮುಖ್ಯವಾಗಿ, ಫೋಟೋ ತೆಗೆಯದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ಕೇಶ್ವಾಪುರ
ಕೋರ್ಟು ಕಚೇರಿ ಅಂತ ಎರಡು ವರ್ಷ ಓಡಾಡುವಷ್ಟರಲ್ಲಿ ಹುಡುಗಿ ಡಿಗ್ರಿ ಮುಗಿಸಿರುತ್ತಾಳೆ. ಮಾರಿಬಿಡಿ ಸರ್, ಬೇರೆ ತಗೊಳ್ಳಿ.

ವಕೀಲ ಅಕ್ಕ
ಹೀಗೆ ಎಲ್ಲರೂ ಬಿಟ್ಟುಬಿಡುತ್ತಾರೆ ಅಂತ ಗೊತ್ತಿರುವುದಕ್ಕೇ ಆ ಚೀಟಿ ಅಷ್ಟು ಧೈರ್ಯವಾಗಿ ಬರೆದಿರುವುದು.

ಕೇಶ್ವಾಪುರ
ಅದೂ ಸರಿಯೇ. ಆದರೆ ಮ್ಯಾಚ್ ಮುಂದಿನ ತಿಂಗಳು ಇದೆಯಲ್ಲ ಅಕ್ಕಾ.

ಉಣಕಲ್ ಅಪ್ಪ
ಭಾನುವಾರದ ವರದಿ. ಚಿಗರಿ ಬಸ್ಸಿನಲ್ಲಿ ಪಿಸ್ತೂಲ್ ಪೆಟ್ಟಿಗೆ ಹಿಡಿದು ಧಾರವಾಡಕ್ಕೆ ಹೋದೆವು, ಸಿಲಿಂಡರ್ ಖಾಲಿ ಮಾಡಿ. ಪಕ್ಕದಲ್ಲಿ ಕೂತ ಅಜ್ಜ ಇದು ಪಿಟೀಲೇನವ್ವಾ ಅಂತ ಕೇಳಿದರು. ಮಗಳು ಹೂಂ ಅಂದಳು. ಎಲ್ಲಿ ಕಲಿಯುತ್ತೀ ಅಂತ ಮುಂದಿನ ಪ್ರಶ್ನೆ. ನವನಗರದವರೆಗೆ ಅವಳು ಪಿಟೀಲು ಕಲಿತಳು.

ಹತ್ತು ಮೀಟರ್ ಅವರ ಹತ್ತಿರ ಮೊದಲು ವೇಗ ನೋಡಿದೆವು. ಹತ್ತು ಹೊಡೆತ, ಎಲ್ಲವೂ 148ರಿಂದ 151ರ ಒಳಗೆ. ರೆಗ್ಯುಲೇಟರ್ ಚೆನ್ನಾಗಿದೆ ಅಂದರು. ಆಮೇಲೆ ಮೀನು ಹಿಡಿಯುವ ನೈಲಾನ್ ದಾರ ಮಡಚಿ ಹಿಂದಿನಿಂದ ತೂರಿಸಿ, ಅದರ ಕುಣಿಕೆಗೆ ಬಟ್ಟೆ ಚೂರು ಸಿಕ್ಕಿಸಿ ಮುಂದಕ್ಕೆ ಎಳೆದರು. ಸರ್ವಿಸ್‌ನವರು ಕ್ಲೀನ್ ಮಾಡಿದ್ದೇವೆ ಅಂದಿದ್ದರಲ್ಲ, ಮೊದಲ ಬಟ್ಟೆ ಹೆಂಚಿನ ತಳದ ಹಾಗೆ ಕಪ್ಪಾಗಿ ಬಂತು. ಎರಡನೆಯದೂ ಕಪ್ಪು. ಏಳನೆಯದು ಬಿಳಿ.

ಮತ್ತೆ ವೈಸ್. 27 ಮಿಮೀ. ಸ್ವಲ್ಪ ಇಳಿಯಿತು, ಅಷ್ಟೇ. ನನ್ನ ಮುಖ ನೋಡಿ ಅವರ ಮನೆಯವರು ಚಹಾ ತಂದರು.

ಆಗ ಅವರು ಬ್ಯಾರಲ್ ಬಿಟ್ಟು ಅದರ ಮುಂದೆ ಇರುವ ಕಾಂಪೆನ್ಸೇಟರ್‌ಗೆ ಟಾರ್ಚ್ ಹಾಕಿದರು. ಮುಂದಿನದನ್ನು ಅವರೇ ಹೇಳಲಿ.

ಹತ್ತು ಮೀಟರ್
ಗೊತ್ತಿಲ್ಲದವರಿಗೆ: ಬ್ಯಾರಲ್ ಬಾಯಿಯ ಮುಂದೆ ಒಂದು ಟೊಪ್ಪಿಗೆ ತರಹದ ಭಾಗ ಇರುತ್ತದೆ. ಪೆಲೆಟ್ ಹಿಂದೆ ನುಗ್ಗುವ ಗಾಳಿಯನ್ನು ಪಕ್ಕಕ್ಕೆ, ಮೇಲಕ್ಕೆ ಬಿಟ್ಟು ಪಿಸ್ತೂಲ್ ಕುಲುಕದಂತೆ ನೋಡುತ್ತದೆ. ಅದರ ನಡುವಿನ ತೂತಿನಲ್ಲಿ ಪೆಲೆಟ್ ಎಲ್ಲಿಯೂ ತಾಗದೆ ಹೋಗಬೇಕು. ಇವರದರಲ್ಲಿ ಆ ತೂತಿನ ಎಡ ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಸೀಸದ ಗೆರೆ! ಬಲಗಡೆ ಏನೂ ಇಲ್ಲ. ಅಂದರೆ ಸರ್ವಿಸ್‌ನಲ್ಲಿ ಬಿಚ್ಚಿ ಮತ್ತೆ ಹಾಕುವಾಗ ಸೊಟ್ಟಗೆ ಕೂರಿಸಿದ್ದಾರೆ. ಕೆಲವು ಪೆಲೆಟ್ ಅಂಚಿಗೆ ಸವರಿಕೊಂಡು ಹೋಗುತ್ತಿವೆ. ಸವರಿದ್ದು ಹೋಗಿ 7ರಲ್ಲಿ ಕೂರುತ್ತದೆ, ಸವರದ್ದು 10.

ಮೊದಲು ಇದ್ದ 22 ಮಿಮೀ ಸೀಸ ಮೆತ್ತಿದ್ದರಿಂದ. ಆಮೇಲಿನ 31 ಸೊಟ್ಟ ಟೊಪ್ಪಿಗೆಯಿಂದ, ಜೊತೆಗೆ ಕ್ಲೀನ್ ಮಾಡದೇ ಬಿಟ್ಟ ಅದೇ ಸೀಸದಿಂದ. ಬ್ಯಾರಲ್ ಸವೆದಿರಲೇ ಇಲ್ಲ.

ನಿವೃತ್ತ ಹವಾಲ್ದಾರ
ಒಪ್ಪಿದೆ. ಬೆಣ್ಣೆ ಮತ್ತು ಚಾಕುವಿನ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಾಗಿಲ್ಲ ನೀವು.

ಲೈನ್ ಬಜಾರ್
ಅಲ್ಲೇ ಸ್ಕ್ರೂ ಸಡಿಲ ಮಾಡಿ ನೆಟ್ಟಗೆ ಕೂರಿಸಿಬಿಡಬೇಕಿತ್ತು.

ವಕೀಲ ಅಕ್ಕ
ಮಾಡಿದ್ದೀರಾ? ಮಾಡಿಲ್ಲ ಅನ್ನಿ ದಯವಿಟ್ಟು.

ಉಣಕಲ್ ಅಪ್ಪ
ಅಕ್ಕಾ, ನಿಮ್ಮ ಮಾತು ನೆನಪಿತ್ತು. ಮೊದಲು ಫೋಟೋ, ವಿಡಿಯೋ ತೆಗೆದೆವು, ಆ ದಿನದ ಪತ್ರಿಕೆ ಪಕ್ಕದಲ್ಲಿಟ್ಟು. ನಂತರ ಡೀಲರ್‌ಗೆ ಫೋನ್ ಮಾಡಿದೆ. ಮತ್ತೆ ಕಳಿಸಿ, ಎರಡು ಮೂರು ತಿಂಗಳು ಆಗುತ್ತದೆ ಅಂದರು. ಮ್ಯಾಚ್ ಇಪ್ಪತ್ತು ದಿನ ಇದೆ ಅಂದೆ. ಸೆಟ್ ಮಾಡುವುದಾದರೆ ನಿಮ್ಮ ಜವಾಬ್ದಾರಿ, ಸ್ಕ್ರೂ ಮುಟ್ಟಿದರೆ ವಾರಂಟಿ ಹೋಯಿತು ಅಂದರು. ವಾರಂಟಿ ಮೊನ್ನೆಯೇ ಮುಗಿದಿದೆ, ಇನ್ನೇನು ಹೋಗಬೇಕು ಅಂತ ಕೇಳಿದೆ. ಫೋನ್ ಇಟ್ಟರು.

ಹೀಗಾಗಿ ಮಾಡಿದೆವು. ಎರಡು ಸಣ್ಣ ಸ್ಕ್ರೂ, ನೆಟ್ಟಗೆ ಕೂರಿಸಿ ಬಿಗಿ ಮಾಡಲು ಹತ್ತು ನಿಮಿಷ ಹಿಡಿಯಲಿಲ್ಲ. ವೈಸ್‌ಗೆ ಕಟ್ಟಿ ಐದು ಹೊಡೆದರೆ 8 ಮಿಮೀ. ಮಗಳು ಏನೂ ಮಾತಾಡಲಿಲ್ಲ, ಆ ಕಾರ್ಡ್ ಎತ್ತಿ ತನ್ನ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಳು. ಐದು ತಿಂಗಳಿಂದ ಕೈ ಸರಿ ಇಲ್ಲ, ಮನಸ್ಸು ಸರಿ ಇಲ್ಲ ಅಂತ ಎಲ್ಲರ ಹತ್ತಿರ ಅನ್ನಿಸಿಕೊಂಡಿದ್ದಳಲ್ಲ. ಅನ್ನುವವರಲ್ಲಿ ನಾನೂ ಇದ್ದೆ.

ಗದಗ ಅಕ್ಕ
ಪಾಪ ಹುಡುಗಿ. ಪೇಡೆ ಕೊಡಿಸಿದಿರೋ ಇಲ್ಲವೋ?

ಉಣಕಲ್ ಅಪ್ಪ
ಕೊಡಿಸದೆ ಇರುತ್ತೇನೆಯೇ? ಲೈನ್ ಬಜಾರಿಗೆ ಹೋಗಿ ಸಾಲಿನಲ್ಲಿ ನಿಂತು ತಂದೆ.

ಸಪ್ತಾಪುರ
ಕೈ ತೊಳೆದುಕೊಂಡು ತಿಂದಿರಿ ತಾನೇ? ತಮಾಷೆ ಅಲ್ಲ. ಪೆಲೆಟ್ ಸೀಸದ್ದು. ರೇಂಜ್‌ನಿಂದ ನೇರ ಗಿರ್ಮಿಟ್ ಅಂಗಡಿಗೆ ಹೋಗುವ ಮಕ್ಕಳನ್ನು ದಿನಾ ನೋಡುತ್ತೇನೆ. ಸೋಪು ಹಾಕಿ ತೊಳೆಯದೆ ಏನೂ ತಿನ್ನಬಾರದು, ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳುವ ಚಟವಂತೂ ಬೇಡವೇ ಬೇಡ.

ವಕೀಲ ಅಕ್ಕ
ನೀವೇ ಸರಿ ಮಾಡಿಕೊಂಡಿದ್ದರಿಂದ ಕೇಸ್ ಸ್ವಲ್ಪ ಮೆತ್ತಗಾಯಿತು, ಆದರೆ ಸತ್ತಿಲ್ಲ. ಡೀಲರ್ ಮತ್ತು ತಯಾರಕರು ಇಬ್ಬರಿಗೂ ನೋಟಿಸ್ ಕಳಿಸಿ. ಸರ್ವಿಸ್ ಚಾರ್ಜ್, ಕೊರಿಯರ್ ಖರ್ಚು, ನಾಲ್ಕು ತಿಂಗಳು ಪಿಸ್ತೂಲ್ ಇಲ್ಲದೆ ಕೂತದ್ದಕ್ಕೆ ಪರಿಹಾರ ಕೇಳಿ. 'ಕ್ಲೀನ್ ಮಾಡಲಾಗಿದೆ' ಅಂತ ಬರೆದ ಚೀಟಿ ಮತ್ತು ಆ ಕಪ್ಪು ಬಟ್ಟೆ ಜೋಪಾನ.

ಉಣಕಲ್ ಅಪ್ಪ
ಬಟ್ಟೆ ಏಳೂ ಕವರಿನಲ್ಲಿವೆ. ಹೆಂಡತಿ ಎರಡು ಸಲ ಕಸಕ್ಕೆ ಹಾಕಲು ಹೋಗಿದ್ದಳು.

ಕೇಶ್ವಾಪುರ
ನನಗೆ ಒಂದು ಅರ್ಥ ಆಗಲಿಲ್ಲ. ಸರ್ವಿಸ್‌ನವರು ವಾಪಸ್ ಕಳಿಸುವ ಮುಂಚೆ ಐದು ಪೆಲೆಟ್ ಹೊಡೆದು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತಲ್ಲ? ಹೊಸದು ಬರುವಾಗ ಟೆಸ್ಟ್ ಕಾರ್ಡ್ ಕೊಡುವವರು ರಿಪೇರಿ ಆದ ಮೇಲೆ ಯಾಕೆ ಕೊಡುವುದಿಲ್ಲ?

ಹತ್ತು ಮೀಟರ್
ಕೇಳಿದರೆ ಕೊಡುತ್ತಾರೆ. ಯಾರೂ ಕೇಳುವುದಿಲ್ಲ. ಇನ್ನು ಮುಂದೆ ಯಾರೇ ಕಳಿಸಿ, ಜೊತೆಗಿನ ಪತ್ರದಲ್ಲಿ 'ರಿಪೇರಿ ನಂತರದ ಟೆಸ್ಟ್ ಕಾರ್ಡ್ ಇಲ್ಲದೆ ಸ್ವೀಕರಿಸುವುದಿಲ್ಲ' ಅಂತ ಬರೆಯಿರಿ. ನಿಮ್ಮ ಪೆಲೆಟ್ ಸ್ವಲ್ಪ ಅದೇ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿ. ಸಿಲಿಂಡರ್ ಖಾಲಿ ಮಾಡಿ. ಸಿಲಿಂಡರ್ ಮೇಲಿನ ತಾರೀಖೂ ನೋಡಿಕೊಳ್ಳಿ, ಸಾಮಾನ್ಯವಾಗಿ ಹತ್ತು ವರ್ಷ ಬಳಸಬಹುದು. ಮುಗಿದಿದ್ದರೆ ಮ್ಯಾಚ್‌ನಲ್ಲಿ ಬಿಡುವುದಿಲ್ಲ, ಅದನ್ನು ನೋಡಿಕೊಳ್ಳುವುದು ಆಟಗಾರರದೇ ಹೊಣೆ.

ರಾಣೇಬೆನ್ನೂರು ರೈತ
ನನ್ನ 12 ಬೋರ್ ಅಂಗಡಿಗೆ ತೋರಿಸಿದೆ. ಗುಳಿ ಆಳ ಇಲ್ಲ, ಆದರೂ ಒಂದು ಸಲ ಪೂರ್ತಿ ಪರೀಕ್ಷೆ ಆಗುವ ತನಕ ಹಾರಿಸಬೇಡಿ ಅಂದರು. ಹಂದಿ ಕಾಟಕ್ಕೆ ಸದ್ಯ ಪಟಾಕಿಯೇ ಗತಿ.

ಉಣಕಲ್ ಅಪ್ಪ
ಕೊನೆಯ ಸುದ್ದಿ. ನೋಟಿಸ್ ಹೋದ ಒಂಬತ್ತನೇ ದಿನ ಡೀಲರ್ ಕಡೆಯಿಂದ ಫೋನ್ ಬಂತು. 6,800 ವಾಪಸ್ ಕೊಡುತ್ತೇವೆ, ವಿಷಯ ಮುಗಿಸಿ ಅಂದರು. ಕೊರಿಯರ್ ಖರ್ಚೂ ಬೇಕು, ಕ್ಲೀನ್ ಮಾಡಿರಲಿಲ್ಲ ಅಂತ ಬರಹದಲ್ಲಿ ಬೇಕು ಅಂದೆ. ಹಣ ಓಕೆ, ಬರಹ ಆಗುವುದಿಲ್ಲ ಅಂದರು. ಇನ್ನೂ ಎಳೆದಾಟ ನಡೆದಿದೆ. ಮಗಳು ನಿನ್ನೆ ಪ್ರಾಕ್ಟೀಸ್‌ನಲ್ಲಿ 562 ಹೊಡೆದಳು.

ಸುಮ್ನೆ ಓದುವವ
ಆ ಮೀನಿನ ದಾರ ಎಷ್ಟು ದಪ್ಪದ್ದು ಸರ್? ನನ್ನ ಅಣ್ಣನ ಮಗನ ಹತ್ತಿರ ಒಂದು ಏರ್ ರೈಫಲ್ ಇದೆ, ಮೂರು ವರ್ಷದಿಂದ ಒಳಗೆ ಕಣ್ಣು ಹಾಕಿಲ್ಲ.

ಹತ್ತು ಮೀಟರ್
ತೀರಾ ಸಣ್ಣದು ಬೇಡ, ನಡುವೆ ಕಿತ್ತು ಬಟ್ಟೆ ಒಳಗೇ ಉಳಿದರೆ ಬೇರೆ ಚರ್ಚೆ ಶುರು ಮಾಡಬೇಕಾಗುತ್ತದೆ. ದಪ್ಪ ದಾರ ತಗೊಳ್ಳಿ, ಬಟ್ಟೆ ಚೂರು ಚಿಕ್ಕದಿರಲಿ. ಪೆಲೆಟ್ ಇಲ್ಲ ಅಂತ ಮೊದಲು ಎರಡು ಸಲ ನೋಡಿ.